ಕೆಳಗಿನ ಡ್ರಾಯರಿನ ಹೆಸರುಗಳು

ಗಂಗಾಂಬಿಕಾ ಅಮೆರಿಕದ ಷಾರ್ಲೆಟ್ ಊರಿಗೆ ಬಂದ ಹೊಸದರಲ್ಲಿ ಅವಳ ಹೆಸರನ್ನು ಪೂರ್ತಿಯಾಗಿ, ತಪ್ಪಿಲ್ಲದೆ ಹೇಳುತ್ತಿದ್ದ ಅಮೆರಿಕನ್ನರು ಇಬ್ಬರೇ. ಕೆಳಗಿನ ಮನೆಯ ಲೊರೆಟಾ ಪೆಟಿಗ್ರೂ ಮತ್ತು ಅವಳ ಮಗಳು ಡಾರ್ನೇಶಾ.

ಲೊರೆಟಾ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಕಪ್ಪು ಹೆಂಗಸು. ನಲವತ್ತು ದಾಟಿದ್ದಳು. ದೊಡ್ಡ ಮೈಕಟ್ಟು, ನಿಧಾನದ ಮಾತು. ಊರಿನ ಪೂರ್ವಕ್ಕೆ, ಹೆದ್ದಾರಿಯ ಗದ್ದಲಕ್ಕೆ ಬೆನ್ನು ಹಾಕಿ ನಿಂತ ಎರಡಂತಸ್ತಿನ ಇಟ್ಟಿಗೆ ಕಟ್ಟಡದಲ್ಲಿ ಅವರದು ಕೆಳಗೆ, ಇವರದು ಮೇಲೆ. ಗಂಗಾಂಬಿಕಾಳ ಗಂಡ ಸಿದ್ಧಲಿಂಗೇಶ ನೂಲಿನ ಗಿರಣಿಗಳಿಗೆ ಯಂತ್ರ ಒದಗಿಸುವ ಕಂಪನಿಯಲ್ಲಿ ಎಂಜಿನಿಯರ್. ವಾರದಲ್ಲಿ ಮೂರು ದಿನ ಪಕ್ಕದ ರಾಜ್ಯ ಸೌತ್ ಕೆರೊಲಿನಾದ ಯಾವುದೋ ಗಿರಣಿಯಲ್ಲಿ ಯಂತ್ರ ಕೂರಿಸುತ್ತಲೋ ರಿಪೇರಿ ಮಾಡುತ್ತಲೋ ಇರುತ್ತಿದ್ದ. ಬಾಗಲಕೋಟೆಯಿಂದ ಬಂದ ಹೆಂಡತಿ ಆ ಮೂರು ದಿನ ಕಿಟಕಿಯ ಬಳಿ ಕೂತು, ಕೆಳಗೆ ಹೋಗಿಬರುವ ಕಾರುಗಳ ಬಣ್ಣ ನೋಡುತ್ತ ಹೊತ್ತು ಕಳೆಯುತ್ತಿದ್ದಳು.

ತೊಂಬತ್ತೆರಡರ ಫೆಬ್ರವರಿಯಲ್ಲಿ ಒಂದು ದಿನ ಬೆಳಿಗ್ಗೆಯಿಂದಲೇ ಜಿನುಗುತ್ತಿದ್ದ ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿ ಗಾಜಾಗತೊಡಗಿತು. ಮರದ ಕೊಂಬೆಗಳು ಭಾರಕ್ಕೆ ಲಟಲಟನೆ ಮುರಿದು ಬೀಳುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಗಂಗಾಂಬಿಕಾಳಿಗೆ ಹೆರಿಗೆ ನೋವು ಬಂತು, ದಿನ ತುಂಬಲು ಇನ್ನೂ ಆರು ವಾರ ಇರುವಾಗಲೇ. ಸಿದ್ಧಲಿಂಗೇಶ ಗಿರಣಿಯ ಕೆಲಸಕ್ಕೆ ಸ್ಪಾರ್ಟನ್‌ಬರ್ಗಿನಲ್ಲಿದ್ದ, ದಾರಿ ಮುಚ್ಚಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಕಾಯಿರಿ ಎಂದರು. ಶಾಲೆಗೆ ರಜ ಕೊಟ್ಟಿದ್ದರಿಂದ ಮನೆಯಲ್ಲಿದ್ದ ಲೊರೆಟಾ ಕೂಗು ಕೇಳಿ ಮೇಲೆ ಬಂದಳು, ನೋಡಿದಳು, ಏನೂ ಕೇಳದೆ ತನ್ನ ಹಳೆಯ ಕಾರಿನ ಗಾಜಿನ ಮೇಲೆ ಬಿಸಿನೀರು ಸುರಿದು ಹೊರಡಿಸಿದಳು. ನಾಲ್ಕು ಮೈಲಿ ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ಹಿಂದಿನ ಸೀಟಿನಲ್ಲಿ ಡಾರ್ನೇಶಾಳ ತೊಡೆಯ ಮೇಲೆ ತಲೆಯಿಟ್ಟು ಗಂಗಾಂಬಿಕಾ "ಅವ್ವಾ, ಅವ್ವಾ" ಎಂದು ನರಳುತ್ತಿದ್ದಳು.

"ಏನು ಹಾಗಂದರೆ?" ಎಂದು ಲೊರೆಟಾ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಅಮ್ಮ."

"ಸರಿ. ಹಾಗೇ ಕರೆ ಕಂದಾ, ನಾನಿಲ್ಲೇ ಇದ್ದೇನೆ."

ಮಗು ನಿಧಿ ಹುಟ್ಟಿದಾಗ ಒಳಗಿದ್ದವಳು ಲೊರೆಟಾ. ಅಪ್ಪ ಮಗುವಿನ ಮುಖ ನೋಡಿದ್ದು ಮರುದಿನ ಮಧ್ಯಾಹ್ನ.

ಆಗ ಹದಿನೇಳಾಗಿದ್ದ ಡಾರ್ನೇಶಾ ಶಾಲೆ ಬಿಟ್ಟೊಡನೆ ಮೇಲೆ ಬರುತ್ತಿದ್ದಳು. ಗಂಗಾಂಬಿಕಾಳಿಗೆ ಸ್ನಾನ ಮಾಡಲು, ಎರಡು ತುತ್ತು ಉಣ್ಣಲು ಬಿಡುವಾಗಲೆಂದು ಮಗುವನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ತೆಳ್ಳಗೆ ಎತ್ತರದ ಹುಡುಗಿ, ಲೆಕ್ಕದಲ್ಲಿ ಜಾಣೆ. ಒಂದು ದಿನ ಗಂಗಾಂಬಿಕಾ ಅವಳ ಹೆಸರಿನ ಅರ್ಥ ಕೇಳಿದಾಗ ಉತ್ತರ ಕೊಟ್ಟಿದ್ದು ತಾಯಿ.

"ಇವಳಪ್ಪನ ಹೆಸರು ಡಾರ್ನೆಲ್. ಇವಳು ಹುಟ್ಟೋಕೆ ಎರಡು ತಿಂಗಳಿದ್ದಾಗ ಟ್ರಕ್ ಮಗುಚಿ ಹೋಗಿಬಿಟ್ಟ. ಗಂಡಾದರೆ ನನ್ನ ಹೆಸರೇ ಇಡು ಅಂದಿದ್ದ. ಹೆಣ್ಣಾಯ್ತು. ಅವನ ಹೆಸರನ್ನೇ ಒಂಚೂರು ಎಳೆದು ಇವಳಿಗೆ ಹೊದಿಸಿದೆ."

"ನಮ್ಮಲ್ಲೂ ಹಂಗೇ. ನಂದು ನಮ್ಮಜ್ಜಿಯ ಹೆಸರು" ಎಂದಳು ಗಂಗಾಂಬಿಕಾ.

ಗಂಗಾಂಬಿಕಾಳಿಗೆ ಫೋನೆಂದರೆ ಹೆದರಿಕೆ. ಎದುರಿಗೆ ಮುಖ ಕಂಡರೆ ಹೇಗೋ ನಿಭಾಯಿಸುತ್ತಿದ್ದಳು, ಬರಿಯ ದನಿಯಾದರೆ ಕಂಗಾಲು. ಅದನ್ನು ಬಿಡಿಸಿದವಳೂ ಡಾರ್ನೇಶಾಳೇ. ಕೆಳಗಿನಿಂದ ಫೋನ್ ಮಾಡಿ ಒಮ್ಮೆ ಡಾಕ್ಟರ ಆಫೀಸಿನವಳಾಗುತ್ತಿದ್ದಳು, ಒಮ್ಮೆ ಗ್ಯಾಸ್ ಕಂಪನಿಯ ಸಿಡುಕಿಯಾಗುತ್ತಿದ್ದಳು. "ಅವಸರ ಬೇಡ, ಮಿಸ್ ಗಂಗಾಂಬಿಕಾ. ಮಾತಿನ ಕೊನೆ ಕೆಳಗಿಳಿಸಿ. ನಗ್ತಾ ಮಾತಾಡಿ, ನಗು ತಂತಿಯಲ್ಲಿ ಹೋಗುತ್ತೆ. ನನಗೂ ಎರಡು ದನಿ ಇದೆ, ಮನೆಯದೊಂದು, ಫೋನಿಂದೊಂದು. ಬಿಳಿಯರ ಜೊತೆ ಫೋನಿಂದೇ ಸರಿ" ಎಂದು ನಗುತ್ತಿದ್ದಳು.

ತೊಂಬತ್ತೈದರಲ್ಲಿ ಗ್ರೀನ್ ಕಾರ್ಡ್ ಬಂತು. ಅದೇ ವರ್ಷ ಸಿದ್ಧಲಿಂಗೇಶ ಊರ ಹೊರಗೆ ಮ್ಯಾಥ್ಯೂಸ್ ಎಂಬಲ್ಲಿ ಮನೆ ಕೊಂಡ. ಹೊರಡುವ ದಿನ ಲೊರೆಟಾ ಪೀಚ್ ಹಣ್ಣಿನ ಸಿಹಿ ಮಾಡಿ ಕಾರಿನಲ್ಲಿಟ್ಟಳು. ಮೊದಮೊದಲು ತಿಂಗಳಿಗೊಮ್ಮೆ ಹೋಗಿಬಂದರು, ಆಮೇಲೆ ಕ್ರಿಸ್‌ಮಸ್ಸಿಗೊಮ್ಮೆ, ಆಮೇಲೆ ಫೋನು. ಜಗಳವಿಲ್ಲ, ಮನಸ್ತಾಪವಿಲ್ಲ. ದೂರವಾಯಿತು, ಅಷ್ಟೇ.

ಮರುವರ್ಷ ಗಂಗಾಂಬಿಕಾ ಕೆಲಸಕ್ಕೆ ಸೇರಿದಳು. ಊರ ನಡುವಿನ ಗಾಜಿನ ಗೋಪುರಗಳಲ್ಲಿ ಬ್ಯಾಂಕುಗಳು ದಿನೇದಿನೇ ಬೆಳೆಯುತ್ತಿದ್ದ ಕಾಲ. ಅವುಗಳಿಗೆ ಗುಮಾಸ್ತರನ್ನು, ಲೆಕ್ಕಿಗರನ್ನು, ಸೆಕ್ರೆಟರಿಗಳನ್ನು ಹುಡುಕಿ ಒದಗಿಸುವ ಸಣ್ಣ ಕಚೇರಿ, ವಿಟ್ಲೋ ಪರ್ಸನೆಲ್. ಒಡತಿ ಕ್ಯಾರಲ್ ವಿಟ್ಲೋ ಐವತ್ತೈದರ ಬಿಳಿಯ ಹೆಂಗಸು. ಮೆತ್ತಗಿನ ಮಾತು, ಮೇಜಿನ ಮೇಲೆ ಸದಾ ಹೊಸ ಹೂವು. ಇಂಟರ್‌ವ್ಯೂನಲ್ಲಿ ಗಂಗಾಂಬಿಕಾಳ ದನಿ ಕೇಳಿ ಮೆಚ್ಚಿದಳು. "ಫೋನಿಗೆ ಹೇಳಿಮಾಡಿಸಿದ ದನಿ. ಹೆಸರೊಂದು ಸ್ವಲ್ಪ ಉದ್ದವಾಯಿತು. ಜಿನ್ನಿ ಅಂದರೆ ಪರವಾಗಿಲ್ಲ ತಾನೇ?"

ಪರವಾಗಿಲ್ಲ ಎಂದಳು ಗಂಗಾಂಬಿಕಾ. ಪರಿಚಯದವರೆಲ್ಲ ಅದನ್ನೇ ಮಾಡಿದ್ದರು. ಕನ್ನಡದವರ ಯುಗಾದಿ ಊಟದಲ್ಲಿ ಸಿಗುತ್ತಿದ್ದ ಡಾಕ್ಟರ್ ಬಸವಂತಪ್ಪ ಆಸ್ಪತ್ರೆಯಲ್ಲಿ 'ಬಾಸ್' ಆಗಿದ್ದರು. ಬ್ಯಾಂಕಿನ ಬದರಿನಾಥ 'ಬ್ಯಾಡ್' ಆಗುವುದು ತಪ್ಪಲೆಂದು 'ಬ್ರಾಡ್' ಆಗಿದ್ದ. ಅವರೆಲ್ಲ ಅದನ್ನು ಹೇಳಿಕೊಂಡು ನಗುತ್ತಿದ್ದರು. ಆಫೀಸಿಗೆ ಹೋಗುವಾಗ ತೊಡುವ ಕೋಟು, ಮನೆಗೆ ಬಂದು ಗೂಟಕ್ಕೆ ಹಾಕುವುದು.

ಅವಳ ಕೆಲಸ ಕಷ್ಟದ್ದಲ್ಲ. ಅಂಚೆಯಲ್ಲಿ, ಫ್ಯಾಕ್ಸಿನಲ್ಲಿ ಬರುವ ರೆಸ್ಯೂಮೆಗಳನ್ನು ಓದಿ ಕಂಪ್ಯೂಟರಿಗೆ ಹಾಕಬೇಕು, ಒಳ್ಳೆಯವನ್ನು ಮೇಲಿನ ಟ್ರೇಯಲ್ಲಿಡಬೇಕು, ಅಲ್ಲಿಂದ ಒಡತಿ ಆರಿಸಿಕೊಳ್ಳುತ್ತಾಳೆ. ಮೂರನೆಯ ದಿನ ಮಿಸೆಸ್ ವಿಟ್ಲೋ ಇನ್ನೊಂದು ಮಾತು ಸೇರಿಸಿದಳು. "ಕೆಲವು ಹೆಸರು ನಮ್ಮ ಕ್ಲೈಂಟುಗಳಿಗೆ ತೊಡಕು. ಅಂಥವು ಬಂದರೆ ಕೆಳಗಿನ ಡ್ರಾಯರಿನಲ್ಲಿಡು. ಎಸೆಯಬೇಡ, ಸುಮ್ಮನೆ ಇರಲಿ."

ಗಂಗಾಂಬಿಕಾ ಮಾತನ್ನು ಇದ್ದ ಹಾಗೇ ತೆಗೆದುಕೊಂಡಳು. ಆ ವಾರ ಪೋಲೆಂಡ್ ಮೂಲದವನೊಬ್ಬನ ರೆಸ್ಯೂಮೆ ಬಂತು, ಹೆಸರಿನ ತುಂಬ ವ್ಯಂಜನಗಳೇ, ನಾಲಿಗೆ ಹೊರಳದು. ಅದನ್ನು ಕೆಳಗಿನ ಡ್ರಾಯರಿಗೆ ಹಾಕಿದಳು. ಸಂಜೆ ಮಿಸೆಸ್ ವಿಟ್ಲೋ ಡ್ರಾಯರೆಳೆದು ನೋಡಿ ಸಣ್ಣಗೆ ನಕ್ಕಳು. "ಇದಲ್ಲ, ಜಿನ್ನಿ" ಎಂದು ಅದನ್ನೆತ್ತಿ ಮೇಲಿಟ್ಟಳು. ಮೇಲಿನ ಟ್ರೇಯಲ್ಲಿದ್ದ ಒಂದನ್ನು ಎರಡು ಬೆರಳಲ್ಲಿ ತೆಗೆದು "ಇದು" ಎಂದು ಕೆಳಗೆ ಬಿಟ್ಟಳು. ಕೀಶಾ ಬ್ರೌನ್. ಎರಡೇ ಅಕ್ಷರದ ಹೆಸರು. ಪುಟ್ಟ ನಿಧಿ ಕೂಡ ಹೇಳಬಲ್ಲಳು.

ಆಗ ಅರ್ಥವಾಯಿತು. ಮಿಸೆಸ್ ವಿಟ್ಲೋ 'ಕಪ್ಪು' ಎಂಬ ಮಾತನ್ನು ಅಂದೂ ಆಡಲಿಲ್ಲ, ಮುಂದೆಂದೂ ಆಡಲಿಲ್ಲ.

ಒಂದೆರಡು ಸಲ ಗಂಗಾಂಬಿಕಾ ಧೈರ್ಯ ಮಾಡಿದ್ದುಂಟು. ಲಟಾವಿಯಾ ಮೂರ್ ಎಂಬವಳಿಗೆ ಸೆಕ್ರೆಟರಿಯಾಗಿ ಹನ್ನೆರಡು ವರ್ಷದ ಅನುಭವವಿತ್ತು, ಅಂಥ ರೆಸ್ಯೂಮೆ ಆ ತಿಂಗಳು ಇನ್ನೊಂದು ಬಂದಿರಲಿಲ್ಲ. ಮೇಲಿನ ಟ್ರೇಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಳು. ಮಿಸೆಸ್ ವಿಟ್ಲೋ ಸಿಟ್ಟಾಗಲಿಲ್ಲ. ಅದನ್ನು ತಾನೇ ಡ್ರಾಯರಿಗೆ ಹಾಕಿ, ಹೂದಾನಿಯ ನೀರು ಬದಲಿಸುತ್ತ, "ನಿನ್ನ ಪ್ರೊಬೇಷನ್ ಮುಂದಿನ ವಾರ ಮುಗಿಯುತ್ತೆ ಅಲ್ಲವೇ, ಜಿನ್ನಿ?" ಎಂದಳು.

ಅಂದು ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಸಿದ್ಧಲಿಂಗೇಶನ ಕಂಪನಿಯದೂ ಆಗ ನೆಟ್ಟಗಿರಲಿಲ್ಲ. ಗಿರಣಿಗಳು ಒಂದೊಂದಾಗಿ ಮೆಕ್ಸಿಕೋ ಕಡೆ ಮುಖ ಮಾಡಿದ್ದವು. ಅವನ ವಿಭಾಗದಲ್ಲೇ ನಾಲ್ವರನ್ನು ಮನೆಗೆ ಕಳಿಸಿದ್ದರು.

"ನೀ ಏನ್ ಮಾಡಾಕಾಗತೈತಿ? ಅಂಗಡಿ ಆಕೀದು. ಆಕಿ ಹೇಳಿದಂಗ ಮಾಡೂದು" ಎಂದ.

"ತಪ್ಪಲ್ಲೇನ್ರೀ?"

"ತಪ್ಪು ಆಕೀದು. ನಿನ್ನದೇನೈತಿ ಅದರಾಗ? ನನ್ನ ಕೆಲಸ ಹ್ವಾದ್ರ ನಾಳೆ ನಿಧಿಗಿ ಜ್ವರ ಬಂದ್ರೂ ನಿನ್ನ ಆಫೀಸಿನ ಇನ್ಶೂರೆನ್ಸೇ ಗತಿ. ಅದನ್ನಷ್ಟು ತಿಳ್ಕೋ."

ತಿಳಿದುಕೊಂಡಳು. ಕೈ ಪಳಗಿತು. ಹೆಸರು ನೋಡುವುದು, ಡ್ರಾಯರೆಳೆಯುವುದು, ತಳ್ಳುವುದು. ಹೆಸರು ಮಾಮೂಲಿಯಾಗಿದ್ದರೂ ಓದಿದ ಕಾಲೇಜು ಕಪ್ಪುಜನರದಾದರೆ ಅದೂ ಕೆಳಗೇ. ಇದನ್ನು ಯಾರೂ ಹೇಳಿಕೊಡಲಿಲ್ಲ, ಅವಳೇ ಕಲಿತಳು.

ತೊಂಬತ್ತೇಳರ ಜೂನ್ ತಿಂಗಳ ಒಂದು ಸೋಮವಾರ ಫ್ಯಾಕ್ಸ್ ಯಂತ್ರ ಗುರುಗುಟ್ಟುತ್ತ ಒಂದು ಹಾಳೆ ಹೊರಹಾಕಿತು. ಮೊದಲು ಹೆಸರು ಬಂತು, ಆಮೇಲೆ ವಿಳಾಸ. ಡಾರ್ನೇಶಾ ಪೆಟಿಗ್ರೂ. ಅದೇ ಇಟ್ಟಿಗೆಯ ಕಟ್ಟಡ, ಅದೇ ಕೆಳಗಿನ ಮನೆಯ ನಂಬರು. ಅಕೌಂಟಿಂಗ್ ಡಿಗ್ರಿ, ಇಡೀ ತರಗತಿಗೆ ಮೂರನೆಯವಳು. ಬ್ಯಾಂಕೊಂದರ ಆಡಿಟ್ ವಿಭಾಗಕ್ಕೆ ಹೊಸಬರು ಬೇಕೆಂದು ವಿಟ್ಲೋ ಪೇಪರಿನಲ್ಲಿ ಹಾಕಿದ ಜಾಹೀರಾತಿಗೆ ಬಂದ ಅರ್ಜಿ ಅದು.

ಹಾಳೆ ಇನ್ನೂ ಬೆಚ್ಚಗಿತ್ತು. ಗಂಗಾಂಬಿಕಾ ಅದನ್ನು ಹಿಡಿದು ನಿಂತಳು. ಒಳಗಿನ ಕೋಣೆಯಲ್ಲಿ ಮಿಸೆಸ್ ವಿಟ್ಲೋ ಫೋನಿನಲ್ಲಿ ನಗುತ್ತಿದ್ದಳು. ಮೇಲಿಟ್ಟರೆ ಅವಳೇ ಕೆಳಗೆ ಹಾಕುತ್ತಾಳೆ, ಜೊತೆಗೆ ಹೂದಾನಿಯ ನೀರು ಬದಲಿಸುತ್ತ ಇನ್ನೊಮ್ಮೆ ಅಂಥದೇ ಮಾತು. ಈಗ ಕೆಳಗಿರಲಿ, ಸಮಯ ನೋಡಿ ತಾನೇ ಹೋಗಿ ಮಾತಾಡಿದರಾಯಿತು, ನನಗೆ ಗೊತ್ತಿರುವ ಹುಡುಗಿ, ಚಿನ್ನದಂಥವಳು ಎಂದರಾಯಿತು. ಹೀಗೆಂದುಕೊಂಡು ಡ್ರಾಯರಿನಲ್ಲಿಟ್ಟಳು. ಅಂದು ಸಮಯ ಸಿಗಲಿಲ್ಲ. ಮರುದಿನವೂ ಸಿಗಲಿಲ್ಲ.

ಒಂದು ವಾರ ಬಿಟ್ಟು ಫೋನ್ ಬಂತು.

"ವಿಟ್ಲೋ ಪರ್ಸನೆಲ್, ಜಿನ್ನಿ ಮಾತಾಡ್ತಿದೀನಿ."

"ನಮಸ್ಕಾರ. ನಾನು ಡಾರ್ನೇಶಾ ಪೆಟಿಗ್ರೂ. ಆಡಿಟ್ ಕೆಲಸಕ್ಕೆ ರೆಸ್ಯೂಮೆ ಕಳಿಸಿದ್ದೆ. ತಲುಪಿತಾ ಅಂತ ಕೇಳೋಣ ಅಂತ."

ಅದು ಅವಳ ಫೋನಿನ ದನಿ. "ತಲುಪಿದೆ. ನೋಡ್ತಿದಾರೆ. ಏನಾದರೂ ಇದ್ದರೆ ನಾವೇ ಫೋನ್ ಮಾಡ್ತೀವಿ" ಎಂದು ಗಂಗಾಂಬಿಕಾ ದಿನಕ್ಕೆ ಹತ್ತು ಸಲ ಹೇಳುವುದನ್ನೇ ಹೇಳಿದಳು. ಮಾತಿನ ಕೊನೆ ತಾನಾಗಿ ಕೆಳಗಿಳಿಯಿತು.

ಆಗಸ್ಟಿನಲ್ಲಿ ಇನ್ನೊಂದು ಜಾಹೀರಾತಿಗೆ ಇನ್ನೊಂದು ರೆಸ್ಯೂಮೆ ಬಂತು. ಆಮೇಲೆ ಫೋನು. ಈ ಸಲ "ಜಿನ್ನಿ ಮಾತಾಡ್ತಿದೀನಿ" ಎಂದೊಡನೆ "ಜಿನ್ನಿ ಅಂದ್ರಾ?" ಎಂದಳು ಡಾರ್ನೇಶಾ. ಹೌದು ಎಂದಳು ಗಂಗಾಂಬಿಕಾ. "ಸರಿ. ಕಾಯ್ತೀನಿ" ಎಂದು ಡಾರ್ನೇಶಾ ಫೋನಿಟ್ಟಳು. ಸೆಪ್ಟೆಂಬರಿನಲ್ಲಿ ಮೂರನೆಯ ರೆಸ್ಯೂಮೆ ಬಂತು. ಅದಾದ ಮೇಲೆ ಫೋನು ಬರಲಿಲ್ಲ.

ಅಕ್ಟೋಬರಿನ ಒಂದು ಶನಿವಾರ ರೈತರ ಸಂತೆಯಲ್ಲಿ ಬೆಂಡೆಕಾಯಿ ಆರಿಸುತ್ತಿದ್ದಾಗ ಯಾರೋ ಭುಜದ ಮೇಲೆ ಕೈಯಿಟ್ಟರು. ಲೊರೆಟಾ. ಮುಖ ಊದಿಕೊಂಡಿತ್ತು, ಮೈ ಇಳಿದಿತ್ತು. ಕಿಡ್ನಿ ಕೈಕೊಟ್ಟಿದೆ, ವಾರಕ್ಕೆ ಮೂರು ದಿನ ಡಯಾಲಿಸಿಸ್ ಎಂದಳು. ನಿಧಿಯ ಬಗ್ಗೆ ಕೇಳಿದಳು, ಎಷ್ಟು ಎತ್ತರವಾದಳೆಂದು ಕೈಯಲ್ಲಿ ಅಳತೆ ತೋರಿಸಿ ಕೇಳಿದಳು. ಆಮೇಲೆ ಮಗಳ ಮಾತು ಬಂತು.

"ಮಾಲ್‌ನಲ್ಲಿ ಶೂ ಅಂಗಡಿಯಲ್ಲಿ ನಿಂತ್ಕೊಳ್ತಾಳೆ, ಅಷ್ಟು ಓದಿ. ಎಪ್ಪತ್ತು ಕಡೆ ಕಳಿಸಿದಾಳೆ, ಒಬ್ಬರಾದರೂ ಕರೀಬೇಡವೇ? ನೀನು ಯಾವುದೋ ಆಫೀಸಲ್ಲಿದ್ದೀಯಲ್ಲ, ಎಲ್ಲಾದರೂ ಒಂದು ಮಾತು ಹಾಕ್ತೀಯಾ?"

"ನೋಡ್ತೀನಿ, ಮಿಸ್ ಲೊರೆಟಾ" ಎಂದಳು. ಬಿಸಿತುಪ್ಪ ಬಾಯಿಗೆ ಬಿದ್ದಂತಿತ್ತು. ಹೇಳಬಹುದಿತ್ತು. ಸಂತೆಯ ಜನರ ನಡುವೆ ಹೇಗೆ ಎಂದು ತನಗೆ ತಾನೇ ನೆಪ ಕೊಟ್ಟುಕೊಂಡಳು.

ಲೊರೆಟಾ ಬೆಂಡೆಕಾಯಿಯೊಂದನ್ನು ಕೈಯಲ್ಲಿ ಹೊರಳಿಸುತ್ತ ನಿಂತಳು. "ಕಾಲೇಜಿನಲ್ಲಿ ಕೆಲಸ ಹುಡುಕಿಕೊಡೋ ಮೇಡಮ್ಮು ಹೇಳಿದಳಂತೆ, ಹೆಸರು ಬದಲಾಯಿಸಿ ನೋಡು ಅಂತ. ಇವಳು ಆಗಲ್ಲ ಅಂದಳು. ನಾನೇ ಹೇಳಿದೆ, ಬದಲಾಯಿಸು ಅಂತ. ಡಾರ್ನೆಲ್‌ದು ಅಂತ ನನ್ನ ಹತ್ತಿರ ಇನ್ನೇನಿದೆ ಹೇಳು, ಒಂದು ಫೋಟೋ, ಒಂದು ಬೆಲ್ಟು. ಆದರೂ ಹೇಳಿದೆ. ಹೆಸರಿಟ್ಟು ಮಗಳ ದಾರಿಗೆ ನಾನೇ ಕಲ್ಲು ಹಾಕಿದೆನೇನೋ ಅಂತ ರಾತ್ರಿಯೆಲ್ಲ ಅನ್ನಿಸುತ್ತೆ."

"ಹಂಗನ್ನಬ್ಯಾಡ್ರಿ" ಎಂದು ಗಂಗಾಂಬಿಕಾಳ ಬಾಯಲ್ಲಿ ಕನ್ನಡವೇ ಬಂದುಬಿಟ್ಟಿತು. ಲೊರೆಟಾಗೆ ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ಕೈ ಹಿಸುಕಿ ಹೋದಳು.

ನವೆಂಬರ್ ಮೊದಲ ವಾರ ಹೊಸ ರೆಸ್ಯೂಮೆ ಬಂತು. ಡೇನಾ ಪೆಟಿಗ್ರೂ. ಅದೇ ಡಿಗ್ರಿ, ಅದೇ ಅಂಕಗಳು. ವಿಳಾಸದ ಬದಲು ಅಂಚೆಪೆಟ್ಟಿಗೆಯ ನಂಬರು, ಕಾಲೇಜಿನ ಹೆಸರು ಸಣ್ಣ ಅಕ್ಷರದಲ್ಲಿ ಕೊನೆಯ ಸಾಲಿನಲ್ಲಿ. ಫೋನ್ ನಂಬರು ಮಾತ್ರ ಬದಲಾಗಿರಲಿಲ್ಲ. ಗಂಗಾಂಬಿಕಾ ಅದನ್ನು ಮೇಲಿನ ಟ್ರೇಯಲ್ಲಿಟ್ಟಳು. ಮಧ್ಯಾಹ್ನದೊಳಗೆ ಮಿಸೆಸ್ ವಿಟ್ಲೋ ಅದನ್ನು ಬೀಸುತ್ತ ಹೊರಗೆ ಬಂದಳು. "ಇಂಥವರು ಇಷ್ಟು ದಿನ ಎಲ್ಲಿದ್ದರು, ಜಿನ್ನಿ? ಇವತ್ತೇ ಫೋನ್ ಮಾಡು."

ಮಾಡಿದಳು. "ಡೇನಾ ಅವರೇ?" ಎಂದಳು.

"ಹೌದು, ಡೇನಾ."

ಗುರುವಾರ ಹತ್ತು ಗಂಟೆಗೆ ಎಂದು ಹೇಳಿ ಇಟ್ಟಳು. ಆ ಸಂಜೆ ಮನೆಗೆ ಹೋಗುವಾಗ ಎದೆ ಹಗುರಾಗಿತ್ತು. ಗೋದಿಹುಗ್ಗಿಗೆ ನೆನೆಹಾಕಿದಳು. ಏನು ವಿಶೇಷ ಎಂದು ನಿಧಿ ಇಂಗ್ಲಿಷಿನಲ್ಲಿ ಕೇಳಿದಳು. ಯಾವುದಕ್ಕೆ ಸಂತೋಷಪಡುತ್ತಿದ್ದೇನೆ ಎಂದು ಆಗ ಹೊಳೆಯಿತು. ಹುಗ್ಗಿ ಮಾಡಲಿಲ್ಲ.

ಗುರುವಾರ ಹತ್ತಕ್ಕೆ ಐದು ನಿಮಿಷವಿರುವಾಗ ಡಾರ್ನೇಶಾ ಬಂದಳು. ಬೂದು ಬಣ್ಣದ ಸೂಟು, ನುಣ್ಣಗೆ ಬಾಚಿ ಹಿಂದಕ್ಕೆ ಕಟ್ಟಿದ ಕೂದಲು, ಕೈಯಲ್ಲಿ ಚರ್ಮದ ಫೋಲ್ಡರು. ಮೇಜಿನ ಮೇಲಿನ ಹೆಸರಿನ ಫಲಕ ನೋಡಿದಳು. ಗಂಗಾಂಬಿಕಾಳ ಮುಖ ನೋಡಿದಳು. ಆಶ್ಚರ್ಯದ ಒಂದು ಗೆರೆಯೂ ಮೂಡಲಿಲ್ಲ.

"ಗುಡ್ ಮಾರ್ನಿಂಗ್, ಜಿನ್ನಿ" ಎಂದಳು. "ಹತ್ತು ಗಂಟೆಗೆ ಮಿಸೆಸ್ ವಿಟ್ಲೋ ಜೊತೆ ಅಪಾಯಿಂಟ್‌ಮೆಂಟ್ ಇದೆ."

ಗಂಗಾಂಬಿಕಾ ಎದ್ದಳು, ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಒಳಬಾಗಿಲು ತೆರೆಯಿತು. ಮಿಸೆಸ್ ವಿಟ್ಲೋ ಕೈ ಮುಂದೆ ಚಾಚಿ ನಗುತ್ತ ಬಂದು, ಡಾರ್ನೇಶಾಳನ್ನು ದಾಟಿ ಅವಳ ಹಿಂದಿನ ಖಾಲಿ ಕುರ್ಚಿಗಳತ್ತ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ನೋಟ ಮೆಲ್ಲಗೆ ಹಿಂದಕ್ಕೆ ಬಂತು.

"ಡೇನಾ?"

"ಹೌದು, ಮ್ಯಾಮ್."

ನಗು ಇಳಿಯಲಿಲ್ಲ, ಇದ್ದಲ್ಲೇ ಗಟ್ಟಿಯಾಯಿತು. ಹದಿನೈದು ನಿಮಿಷದಲ್ಲಿ ಡಾರ್ನೇಶಾ ಹೊರಗೆ ಬಂದಳು. ಆಡಿಟ್ ಕೆಲಸ ನಿನ್ನೆಯಷ್ಟೇ ತುಂಬಿತಂತೆ. ಆದರೆ ಅದೇ ಬ್ಯಾಂಕಿನ ಹಿಂದಿನ ಕಟ್ಟಡದಲ್ಲಿ, ಚೆಕ್ಕುಗಳನ್ನು ವಿಂಗಡಿಸುವ ವಿಭಾಗದಲ್ಲಿ, ವರ್ಷದ ಕೊನೆಯ ಗಡಿಬಿಡಿಗೆ ಮೂರು ತಿಂಗಳ ಜಾಗವಿದೆಯಂತೆ. ಅವಳು ಒಪ್ಪಿದ್ದಳು. ಗಂಗಾಂಬಿಕಾ ಕೊಟ್ಟ ಫಾರಮ್ಮಿಗೆ ನಿಂತೇ ಸಹಿ ಹಾಕಿದಳು. ಹೆಸರು ಬರೆಯುವಾಗ ಮೊದಲಕ್ಷರವಾದ ಮೇಲೆ ಪೆನ್ನು ಒಂದಿಷ್ಟು ತಡೆದು, ಡೇನಾ ಎಂದೇ ಬರೆಯಿತು. ಹೊರಟುಹೋದಳು.

ಮರುದಿನ ಮಿಸೆಸ್ ವಿಟ್ಲೋ ಊಟಕ್ಕೆ ಹೋದ ಹೊತ್ತಿನಲ್ಲಿ ಗಂಗಾಂಬಿಕಾ ಕೆಳಗಿನ ಡ್ರಾಯರನ್ನು ಪೂರ್ತಿ ಹೊರಗೆಳೆದಳು. ಇಷ್ಟು ದಿನ ಒಂದೊಂದಾಗಿ ಹಾಕಿದ್ದಳೇ ಹೊರತು ಒಟ್ಟಿಗೆ ನೋಡಿರಲಿಲ್ಲ. ಕೈತುಂಬ ಎತ್ತಿದಳು. ನರ್ಸ್ ಆಗಿದ್ದವಳು, ಸೇನೆಯಲ್ಲಿ ಸ್ಟೋರು ನೋಡಿಕೊಂಡವನು, ಮೂವತ್ತು ವರ್ಷ ಟೈಪ್ ಮಾಡಿದವಳು, ಸ್ಪ್ಯಾನಿಷ್ ಬಲ್ಲವಳು. ಬಹಳಷ್ಟರ ಮೂಲೆಯಲ್ಲಿ ಬಂದ ತಾರೀಖು ಅವಳದೇ ಕೈಬರಹದಲ್ಲಿತ್ತು. ಡಾರ್ನೇಶಾಳ ಮೂರು ಹಾಳೆ ಹುಡುಕಿ ತೆಗೆದಳು. ಉಳಿದವರ ಹೆಸರು, ವಿಳಾಸಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ಅದಕ್ಕೆ ನಾಲ್ಕು ದಿನದ ಊಟದ ಬಿಡುವು ಬೇಕಾಯಿತು.

ಅದು ಮುಗಿದ ಮೇಲಿನ ಭಾನುವಾರ ಚರ್ಚು ಬಿಟ್ಟ ಹೊತ್ತು ನೋಡಿಕೊಂಡು ಹಳೆಯ ಇಟ್ಟಿಗೆಯ ಕಟ್ಟಡಕ್ಕೆ ಹೋದಳು. ಲೊರೆಟಾ ಕಾಲು ಚಾಚಿ ಸೋಫಾದಲ್ಲಿದ್ದಳು. ಡಾರ್ನೇಶಾ ಇಸ್ತ್ರಿ ಮಾಡುತ್ತಿದ್ದಳು. ಗಂಗಾಂಬಿಕಾ ಕೂರಲಿಲ್ಲ. ನಿಂತೇ, ಮೊದಲಿಂದ ಕೊನೆಯವರೆಗೆ ಹೇಳಿದಳು. ಡ್ರಾಯರು, ಫ್ಯಾಕ್ಸು, ಫೋನು, ಸಂತೆಯಲ್ಲಿ ಬಾಯಿ ಬಿಡದಿದ್ದದ್ದು. ನಾಲ್ಕು ಹಾಳೆಗಳನ್ನು ಮೇಜಿನ ಮೇಲಿಟ್ಟಳು, ಹಳೆಯ ಹೆಸರಿನ ಮೂರು, ಹೊಸ ಹೆಸರಿನ ಒಂದರ ಪ್ರತಿ.

"ಸರ್ಕಾರದ ಕಚೇರಿ ಇದೆ, ಇಂಥ ದೂರು ತಗೊಳ್ತಾರೆ. ಇವು ಸಾಕ್ಷಿ. ನಾನು ಬಂದು ಹೇಳ್ತೀನಿ, ಯಾರ ಮುಂದೆ ಬೇಕಾದರೂ."

ಡಾರ್ನೇಶಾ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ನನಗೆ ಎರಡನೇ ಸಲ ಫೋನ್ ಮಾಡಿದಾಗಲೇ ಗೊತ್ತಾಯ್ತು. ಆ ದನಿ ನನಗೆ ಗೊತ್ತಾಗದೆ ಇರುತ್ತಾ? ನೀವಾಗೇ ಹೇಳ್ತೀರಿ ಅಂತ ಕಾದೆ. ಸೆಪ್ಟೆಂಬರಲ್ಲಿ ಮತ್ತೆ ಕಳಿಸಿದ್ದು ಅದಕ್ಕೇ, ಕೆಲಸ ಸಿಗುತ್ತೆ ಅಂತಲ್ಲ."

ಇಸ್ತ್ರಿಯಾದ ಅಂಗಿಯನ್ನು ಮಡಚಿ ಪಕ್ಕಕ್ಕಿಟ್ಟಳು.

"ದೂರು ಕೊಡಲ್ಲ ನಾನು" ಎಂದಳು ಡಾರ್ನೇಶಾ. ದನಿ ಏರಲಿಲ್ಲ. "ಸೋಮವಾರ ಕೆಲಸಕ್ಕೆ ಸೇರಬೇಕು. ಮೂರು ತಿಂಗಳು ಆದ ಮೇಲೆ ಅವರು ಇಟ್ಟುಕೊಂಡರೆ ಕಾಯಂ ಸಂಬಳ ಬರುತ್ತೆ, ಅಮ್ಮನ ಊಟ-ಮಾತ್ರೆಗೆ ನಾನು ಯಾರನ್ನೂ ಕೇಳಬೇಕಾಗಿಲ್ಲ. ದೂರು ಕೊಟ್ಟರೆ ಡೇನಾ ಯಾರು, ಡಾರ್ನೇಶಾ ಯಾರು ಅಂತ ಶುರುವಾಗುತ್ತೆ. ಇದನ್ನೆಲ್ಲ ಹೇಳಿ ನಿಮಗೆ ಹಗುರಾಯ್ತು. ಅದಕ್ಕೆ ನಾನೇನು ಮಾಡಲಿ?"

ಲೊರೆಟಾ ಇಷ್ಟು ಹೊತ್ತು ಹಾಳೆಗಳನ್ನೇ ನೋಡುತ್ತಿದ್ದಳು. ಮಗಳ ಹಳೆಯ ಹೆಸರಿನ ಮೇಲೆ ಬೆರಳಾಡಿಸಿದಳು. ಬಯ್ಯಲಿಲ್ಲ. "ನೀನು ಮನೆಗೆ ಹೋಗು, ಕಂದಾ. ಇವತ್ತು ಹೋಗು" ಎಂದಳು.

ಕಾರಿನಲ್ಲಿ ಕೂತು ಕೀಲಿ ತಿರುಗಿಸಲು ಗಂಗಾಂಬಿಕಾಳಿಗೆ ಬಹಳ ಹೊತ್ತು ಹಿಡಿಯಿತು.

ಕ್ರಿಸ್‌ಮಸ್ಸಿಗೆ ಮೊದಲೇ ಕೆಲಸ ಬಿಟ್ಟಳು. ಕಾರಣ ಕೇಳಿದಾಗ ಮಿಸೆಸ್ ವಿಟ್ಲೋಗೆ ಇದ್ದದ್ದನ್ನೇ ಹೇಳಿದಳು. ಆ ಹೆಂಗಸು ನೊಂದವಳಂತೆ ಕಣ್ಣರಳಿಸಿ, "ನಾನು ಯಾರನ್ನೂ ದ್ವೇಷಿಸುವವಳಲ್ಲ, ಜಿನ್ನಿ. ಕ್ಲೈಂಟುಗಳು ಕೇಳಿದ್ದನ್ನು ಕೊಡುತ್ತೇನೆ. ನಿನ್ನನ್ನು ತೆಗೆದುಕೊಳ್ಳಲಿಲ್ಲವೇ?" ಎಂದಳು. ಗಂಗಾಂಬಿಕಾ ಚೀಲ ಎತ್ತಿಕೊಂಡು ಹೊರಟಳು. ತನ್ನನ್ನು ತೆಗೆದುಕೊಂಡಿದ್ದು ನಿಜ.

ಮನೆಯಲ್ಲಿ ಸಿದ್ಧಲಿಂಗೇಶ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅವಳು ಊಟದ ಮೇಜಿನ ಮೇಲೆ ನೋಟ್‌ಬುಕ್ಕು ಬಿಚ್ಚಿಕೊಂಡು ಪತ್ರ ಬರೆಯುತ್ತಿರುವುದನ್ನು ಕಂಡು ಬಂದು ನಿಂತ.

"ಏನ್ ಬರಿಯಾಕತ್ತಿ?"

"ಡ್ರಾಯರದಾಗಿನ ಮಂದಿಗಿ. ನಿಮ್ಮ ಕಾಗದ ಕೆಳಗ ಹಾಕಿದಾಕಿ ನಾನು, ಕಾರಣ ಇದು, ದೂರು ಕೊಡೂದಿದ್ರ ಸಾಕ್ಷಿ ಹೇಳ್ತೀನಿ ಅಂತ."

"ಹುಚ್ಚು ಹಿಡದೈತೇನ? ಇನ್ನೊಂದು ಕೆಲಸ ಯಾರು ಕೊಡ್ತಾರ ನಿನಗ?"

"ಕೊಡೂದಿಲ್ಲ."

ಅವನು ಲಕೋಟೆಗಳ ರಾಶಿ ನೋಡಿದ. ಆಮೇಲೆ ಎದುರಿಗೆ ಕೂತು ವಿಳಾಸ ಬರೆಯತೊಡಗಿದ. ಅವನ ಕೈಬರಹ ಅವಳದಕ್ಕಿಂತ ಚೆಂದ.

ಕಳಿಸಿದ್ದು ನೂರಾ ಎಂಬತ್ತು ಪತ್ರ. ಅರ್ಧದಷ್ಟು ವಿಳಾಸ ಬದಲಾಗಿದೆ ಎಂದು ಹಿಂದಕ್ಕೆ ಬಂದವು. ಒಬ್ಬಳು ಫೋನ್ ಮಾಡಿ ಬಾಯಿಗೆ ಬಂದಂತೆ ಬಯ್ದಳು. ಗಂಗಾಂಬಿಕಾ ಕೊನೆಯವರೆಗೂ ಕೇಳಿಸಿಕೊಂಡಳು. ಒಬ್ಬ ಮುದುಕಿ, ಮಗ ಅಟ್ಲಾಂಟಾಗೆ ಹೋದ, ಅಲ್ಲೂ ಸಿಕ್ಕಿಲ್ಲ, ನೀವು ಪತ್ರ ಬರೆದದ್ದನ್ನು ಹೇಳುತ್ತೇನೆ ಎಂದು ಬರೆದಳು. ದೂರು ಕೊಟ್ಟವಳು ಒಬ್ಬಳೇ, ಹನ್ನೆರಡು ವರ್ಷ ಅನುಭವದ ಲಟಾವಿಯಾ ಮೂರ್. ಗಂಗಾಂಬಿಕಾ ಸರ್ಕಾರದ ಆ ಕಚೇರಿಗೆ ಹೋಗಿ ಎರಡು ದಿನ ಹೇಳಿಕೆ ಕೊಟ್ಟಳು. ಒಂದು ವರ್ಷದ ಮೇಲೆ ಎರಡೂ ಕಡೆಯವರು ರಾಜಿಯಾದರೆಂದು ತಿಳಿಯಿತು. ಷರತ್ತುಗಳು ಗುಟ್ಟು. ವಿಟ್ಲೋ ಪರ್ಸನೆಲ್ ಬಾಗಿಲು ಮುಚ್ಚಲಿಲ್ಲ. ಜಿನ್ನಿಯ ಮೇಜಿಗೆ ಇನ್ನೊಬ್ಬಳು ಬಂದಳು. ಗಂಗಾಂಬಿಕಾಳಿಗೆ ಮ್ಯಾಥ್ಯೂಸಿನ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಕೆಲಸ ಸಿಕ್ಕಿತು, ವಾರಕ್ಕೆ ಹದಿನೆಂಟು ಗಂಟೆ.

ಲೊರೆಟಾ ತೀರಿಕೊಂಡದ್ದು ತೊಂಬತ್ತೊಂಬತ್ತರ ಏಪ್ರಿಲ್‌ನಲ್ಲಿ. ಪೇಪರಿನಲ್ಲಿ ನೋಡಿ ಗಂಗಾಂಬಿಕಾ ಚರ್ಚಿಗೆ ಹೋದಳು, ಒಬ್ಬಳೇ. ಆ ಒಂದೂವರೆ ವರ್ಷದಲ್ಲಿ ಮೂರು ಸಲ ಲೊರೆಟಾಳನ್ನು ಡಯಾಲಿಸಿಸ್ ಕೇಂದ್ರದಲ್ಲಿ ಕಂಡಿದ್ದಳು. ಪಕ್ಕದಲ್ಲಿ ಕೂತಿದ್ದು ಬಂದಿದ್ದಳು. ಇಬ್ಬರೂ ಆ ವಿಷಯ ಎತ್ತಿರಲಿಲ್ಲ. ಡಾರ್ನೇಶಾ ಅಲ್ಲಿರುವ ಹೊತ್ತಿಗೆ ಹೋಗಿರಲಿಲ್ಲ.

ಚರ್ಚು ತುಂಬಿತ್ತು. ಕೊನೆಯ ಸಾಲಿನಲ್ಲಿ ಡಾರ್ನೇಶಾಳನ್ನು ಉಳಿಸಿಕೊಂಡಿದ್ದ ಬ್ಯಾಂಕಿನಿಂದ ಬಂದ ಇಬ್ಬರು ಬಿಳಿಯ ಹೆಂಗಸರು ಒಂದು ಕಾರ್ಡು ಹಿಡಿದು ಕೂತಿದ್ದರು, ಕಾರ್ಡಿನ ಮೇಲೆ ಡೇನಾಳಿಗೆ ಎಂದಿತ್ತು. ಪಾದ್ರಿ ಎದ್ದುನಿಂತು, "ಡಾರ್ನೆಲ್ ಪೆಟಿಗ್ರೂನ ಹೆಂಡತಿ, ಡಾರ್ನೇಶಾಳ ತಾಯಿ" ಎಂದು ಶುರುಮಾಡಿದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇನ್ನೊಬ್ಬಳು ಮಗಳಿದ್ದಾಳಾ?" ಎಂದು ಒಬ್ಬಳು ಮೆಲ್ಲಗೆ ಕೇಳಿದ್ದು ಗಂಗಾಂಬಿಕಾಳ ಕಿವಿಗೆ ಬಿತ್ತು. ಮುಂದಿನ ಸಾಲಿನಲ್ಲಿ ಕಪ್ಪು ಉಡುಪಿನ ತೆಳ್ಳಗಿನ ಬೆನ್ನೊಂದು ಅಲುಗಾಡದೆ ಕೂತಿತ್ತು.

ಎಲ್ಲ ಮುಗಿದ ಮೇಲೆ ಕೆಳಗಿನ ದೊಡ್ಡ ಕೋಣೆಯಲ್ಲಿ ಊಟವಿತ್ತು. ಗಂಗಾಂಬಿಕಾಳಿಗೆ ಉಣ್ಣಲಾಗಲಿಲ್ಲ. ಹೊರಡಲೂ ಮನಸ್ಸಾಗದೆ ಅಡುಗೆಮನೆಗೆ ಹೋಗಿ, ಅಲ್ಲಿದ್ದ ಮುದುಕಿಯರನ್ನು ಕೇಳಿ, ತೋಳೇರಿಸಿ ಪಾತ್ರೆಗಳ ಮುಂದೆ ನಿಂತಳು. ಜನ ಕರಗಿದರು. ಸಿಂಕಿನಲ್ಲಿ ನೀರು ಎರಡು ಸಲ ಬದಲಾಯಿತು. ಹಿಂದೆ ಹೆಜ್ಜೆಯ ಸದ್ದಾಯಿತು.

ಡಾರ್ನೇಶಾ ಬಂದು ಪಕ್ಕದಲ್ಲಿ ನಿಂತಳು. ಕಣ್ಣು ಬಾತಿದ್ದವು. ಏನಾದರೂ ಹೇಳುತ್ತಾಳೆಂದು ಗಂಗಾಂಬಿಕಾ ಕಾದಳು. ತಾನೂ ಏನಾದರೂ ಹೇಳಬೇಕೆಂದುಕೊಂಡಳು. ಹೇಳಿದ ಮಾತಿನಿಂದ ಈ ಹುಡುಗಿಗೆ ಏನೂ ಆಗಲಿಕ್ಕಿಲ್ಲವೆಂದು ಮುಂದಿನ ತಟ್ಟೆಯನ್ನು ನೀರಿಗಿಳಿಸಿದಳು.

"ಆ ನೀಲಿ ಮುಚ್ಚಳದ ಪಾತ್ರೆ ನಮ್ಮದಲ್ಲ, ಯಾರೋ ತಂದದ್ದು" ಎಂದಳು ಡಾರ್ನೇಶಾ. "ಬೇರೆ ಇಡಿ. ನಾಳೆ ಕೇಳ್ಕೊಂಡು ಬರ್ತಾರೆ."

ಗಂಗಾಂಬಿಕಾ ಅದನ್ನು ಒರೆಸಿ ಕಿಟಕಿಯ ಕಟ್ಟೆಯ ಮೇಲೆ ಬೇರೆ ಇಟ್ಟಳು. ಡಾರ್ನೇಶಾ ಗೋಡೆಯ ಗೂಟದಿಂದ ಇನ್ನೊಂದು ಬಟ್ಟೆ ತೆಗೆದುಕೊಂಡು, ತೊಳೆದಿಟ್ಟ ತಟ್ಟೆಗಳನ್ನು ಒಂದೊಂದಾಗಿ ಒರೆಸತೊಡಗಿದಳು. ತಟ್ಟೆಗಳು ಇನ್ನೂ ಬಹಳ ಇದ್ದವು.